ಕಳೆದು ಕಟ್ಟಿದ ಸಂಗೀತ: ಜಮೈಕಾದ ಡಬ್ ಎಂಬ ಧ್ವನಿಶಿಲ್ಪ

ಕನ್ನಡದ ಓದುಗರಿಗೆ ‘ಡಬ್’ ಎಂಬ ಪದ ಕಿವಿಗೆ ಬಿದ್ದೊಡನೆ ನೆನಪಾಗುವುದು ಸಿನಿಮಾ. ಒಬ್ಬ ನಟನ ತುಟಿಚಲನೆಗೆ ಇನ್ನೊಬ್ಬರ ದನಿಯನ್ನು ಕೂಡಿಸುವ, ಒಂದು ಭಾಷೆಯ ಚಿತ್ರಕ್ಕೆ ಮತ್ತೊಂದು ಭಾಷೆಯ ಮಾತನ್ನು ಹೊದಿಸುವ ಕೆಲಸವನ್ನು ಇಲ್ಲಿ ಡಬ್ಬಿಂಗ್ ಎನ್ನುತ್ತಾರೆ. ಆ ಕೆಲಸ ಕನ್ನಡ ಚಿತ್ರರಂಗಕ್ಕೆ ಬೇಕೇ ಬೇಡವೇ ಎಂಬ ವಾಗ್ವಾದ ದಶಕಗಳ ಕಾಲ ನಡೆದಿದೆ. ಕೆರಿಬಿಯನ್ ಸಮುದ್ರದ ದ್ವೀಪರಾಷ್ಟ್ರವಾದ ಜಮೈಕಾದಲ್ಲಿ 1960ರ ದಶಕದ ಕೊನೆಯಿಂದ 1970ರ ದಶಕದ ಮೊದಲ ವರ್ಷಗಳವರೆಗಿನ ಅವಧಿಯಲ್ಲಿ ರೂಪುಗೊಂಡ ಡಬ್ ಸಂಗೀತದ ಹೆಸರೂ ಇದೇ ಬೇರಿನಿಂದ ಬಂದದ್ದು. ಧ್ವನಿಮುದ್ರಣದ ಕಸುಬಿನಲ್ಲಿ ಡಬ್ ಮಾಡುವುದೆಂದರೆ ಇರುವ ಮುದ್ರಿಕೆಯಿಂದ ಮತ್ತೊಂದು ಪ್ರತಿ ತೆಗೆಯುವುದು. ‘ಡಬಲ್’ ಎಂಬ ಮಾತನ್ನು ಮೊಟಕುಗೊಳಿಸಿ ಆದ ಪದ ಅದು. ಹೆಸರು ಒಂದೇ ಆದರೂ ಹಿಡಿದ ದಾರಿ ಮಾತ್ರ ವಿರುದ್ಧ ದಿಕ್ಕಿನದು. ಸಿನಿಮಾದ ಡಬ್ಬಿಂಗ್ ದನಿಯನ್ನು ಸೇರಿಸುತ್ತದೆ, ಜಮೈಕಾದ ಡಬ್ ದನಿಯನ್ನು ತೆಗೆದುಹಾಕುತ್ತದೆ.

ಈ ಶೈಲಿಯನ್ನು ಹೀಗೆ ನಿರೂಪಿಸಬಹುದು: ಈಗಾಗಲೇ ಹಾಡಿ, ನುಡಿಸಿ, ಮುದ್ರಿಸಿ ಮುಗಿಸಿದ ಒಂದು ರೆಗ್ಗೇ ಹಾಡಿನ ಟೇಪನ್ನು ಕಚ್ಚಾ ಸಾಮಗ್ರಿಯಾಗಿ ಇಟ್ಟುಕೊಂಡು, ಧ್ವನಿ ಎಂಜಿನಿಯರು ಅದರಿಂದ ಗಾಯನವನ್ನೂ ಹಲವು ವಾದ್ಯಗಳನ್ನೂ ಹಿಂತೆಗೆದು, ಡ್ರಮ್ಸ್ ಮತ್ತು ಬೇಸ್ ಗಿಟಾರ್‌ಗಳ ಅಡಿಪಾಯವನ್ನು ಬಯಲಿಗಿಟ್ಟು, ತೆಗೆದ ಭಾಗಗಳ ಚೂರುಗಳನ್ನು ಪ್ರತಿಧ್ವನಿ ಮತ್ತು ಅನುರಣನಗಳಲ್ಲಿ ಅದ್ದಿ ಆಗೊಮ್ಮೆ ಈಗೊಮ್ಮೆ ತೇಲಿಬಿಟ್ಟು ಕಟ್ಟುವ ಹೊಸ ಕೃತಿಯೇ ಡಬ್. ಇಲ್ಲಿ ಧ್ವನಿಗಳ ಏರಿಳಿತವನ್ನು ನಿಯಂತ್ರಿಸುವ ಮಿಕ್ಸಿಂಗ್ ಬೋರ್ಡೇ ವಾದ್ಯ, ಅದರ ಮುಂದೆ ಕುಳಿತ ಎಂಜಿನಿಯರೇ ವಾದಕ. ಪ್ರತಿಧ್ವನಿ ಹೆಚ್ಚಾಗಿರುವ ಸಂಗೀತವನ್ನೆಲ್ಲ ಡಬ್ ಎನ್ನುವ ರೂಢಿಯಿದ್ದರೂ, ಪ್ರತಿಧ್ವನಿ ಅದರ ಅಲಂಕಾರ ಮಾತ್ರ. ಇರುವುದನ್ನು ಕಳೆದು, ಆ ತೆರವನ್ನೇ ಅರ್ಥಪೂರ್ಣವಾಗಿಸುವ ಕ್ರಮ ಅದರ ಜೀವಾಳ.

ಬೀದಿಯ ಧ್ವನಿವರ್ಧಕಗಳ ನಡುವೆ

ಈ ಕ್ರಮ ಜಮೈಕಾದಲ್ಲೇ ಹುಟ್ಟಲು ಕಾರಣವಾದ ಸಾಮಾಜಿಕ ಸಂಸ್ಥೆಯೊಂದಿದೆ. ಅದರ ಹೆಸರು ‘ಸೌಂಡ್ ಸಿಸ್ಟಮ್’. ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರ, ಶಕ್ತಿಶಾಲಿ ಆಂಪ್ಲಿಫೈಯರ್, ಬೀರುವಿನ ಗಾತ್ರದ ಸ್ಪೀಕರ್ ಪೆಟ್ಟಿಗೆಗಳು, ತಟ್ಟೆ ಆಯ್ದು ಹಾಕುವ ‘ಸೆಲೆಕ್ಟರ್’, ಮೈಕ್ ಹಿಡಿದು ಜನರನ್ನು ಹುರಿದುಂಬಿಸುವ ‘ಡೀಜೇ’, ಇವೆಲ್ಲ ಸೇರಿದ ಸಂಚಾರಿ ತಂಡಕ್ಕೆ ಅಲ್ಲಿ ಈ ಹೆಸರು. ರಾಜಧಾನಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳ ಜನಕ್ಕೆ ವಾದ್ಯವೃಂದಗಳ ಕಾರ್ಯಕ್ರಮ ದುಬಾರಿಯಾಗಿದ್ದಾಗ, ಬಯಲಿನಲ್ಲಿ ನಡೆಯುವ ಸೌಂಡ್ ಸಿಸ್ಟಮ್‌ಗಳ ನೃತ್ಯಕೂಟವೇ ಅವರ ಸಂಗೀತಸಭೆಯಾಯಿತು. 1950ರ ದಶಕದಲ್ಲಿ ಡ್ಯೂಕ್ ರೀಡ್ ಮತ್ತು ಕಾಕ್ಸನ್ ಡಾಡ್ ಅವರ ತಂಡಗಳ ನಡುವೆ ನಡೆದ ಪೈಪೋಟಿ ದ್ವೀಪದ ಸಂಗೀತ ಚರಿತ್ರೆಯ ಮುಖ್ಯ ಅಧ್ಯಾಯ. ಮೊದಮೊದಲು ಅಮೆರಿಕದ ತಟ್ಟೆಗಳನ್ನು ನುಡಿಸುತ್ತಿದ್ದ ಇವರು, ಅಲ್ಲಿಂದ ತಮ್ಮ ಜನಕ್ಕೆ ಒಪ್ಪುವ ಹಾಡುಗಳು ಬರುವುದು ಕಡಿಮೆಯಾದಾಗ ತಾವೇ ಸ್ಥಳೀಯ ಕಲಾವಿದರಿಂದ ಹಾಡಿಸಿ ಮುದ್ರಿಸತೊಡಗಿದರು. ದೇಶ 1962ರಲ್ಲಿ ಸ್ವತಂತ್ರವಾದ ಆಸುಪಾಸಿನಲ್ಲಿ ಸ್ಕಾ, ಆಮೇಲೆ ರಾಕ್‌ಸ್ಟೆಡಿ, 1968ರ ಹೊತ್ತಿಗೆ ರೆಗ್ಗೇ ಎಂಬ ಶೈಲಿಗಳು ಒಂದರಿಂದೊಂದು ಕವಲೊಡೆದದ್ದು ಈ ನೆಲದಲ್ಲೇ.

ಎದುರಾಳಿಯ ಬಳಿ ಇಲ್ಲದ ಹಾಡು ತನ್ನ ಬಳಿ ಇದ್ದರೆ ಜನ ತನ್ನ ಕೂಟಕ್ಕೇ ಬರುತ್ತಾರೆಂಬ ಲೆಕ್ಕಾಚಾರ ಪ್ರತಿಯೊಬ್ಬ ಸೌಂಡ್ ಸಿಸ್ಟಮ್ ಮಾಲೀಕನದೂ ಆಗಿತ್ತು. ಅದಕ್ಕಾಗಿ ಸ್ಟುಡಿಯೋಗಳಲ್ಲಿ ಅಲ್ಯೂಮಿನಿಯಂ ಹಾಳೆಗೆ ಅರಗಿನಂಥ ಲೇಪನ ಕೊಟ್ಟ ಮೆತ್ತನೆಯ ತಟ್ಟೆಯ ಮೇಲೆ ಒಂದೇ ಒಂದು ಪ್ರತಿ ಕೊರೆಸಿಕೊಳ್ಳುವ ಪದ್ಧತಿಯಿತ್ತು. ಅದನ್ನು ‘ಡಬ್‌ಪ್ಲೇಟ್’ ಎನ್ನುತ್ತಿದ್ದರು. ನುಡಿಸಿದಷ್ಟೂ ಸವೆದು ಕೆಲವೇ ವಾರಗಳಲ್ಲಿ ಹಾಳಾಗುವ ಈ ತಟ್ಟೆಗಳೇ ಕೂಟದ ಆಕರ್ಷಣೆಯಾಗಿದ್ದವು. 1960ರ ದಶಕದ ಕೊನೆಯಲ್ಲಿ ಸ್ಪ್ಯಾನಿಷ್ ಟೌನ್ ಪಟ್ಟಣದ ಸೌಂಡ್ ಸಿಸ್ಟಮ್ ಮಾಲೀಕ ರಡ್ಡಿ ರೆಡ್‌ವುಡ್ ಅವರಿಗಾಗಿ ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ಸ್ಟುಡಿಯೋದಲ್ಲಿ ಇಂಥ ತಟ್ಟೆಯೊಂದನ್ನು ಕೊರೆಯುವಾಗ, ಎಂಜಿನಿಯರು ಗಾಯನದ ಟ್ರ್ಯಾಕನ್ನು ಸೇರಿಸಲು ಮರೆತರೆಂದೂ, ಆ ರಾತ್ರಿ ಗಾಯನವಿಲ್ಲದ ಹಾಡಿಗೆ ನೆರೆದ ಜನರೇ ದನಿಗೂಡಿಸಿ ಹಾಡಿದರೆಂದೂ ಜಮೈಕಾದ ಸಂಗೀತ ಚರಿತ್ರೆ ದಾಖಲಿಸುತ್ತದೆ. ಆಕಸ್ಮಿಕವಾಗಿ ನಡೆದ ಈ ಪ್ರಸಂಗದಲ್ಲಿ ಡಬ್‌ನ ಇಡೀ ಸೌಂದರ್ಯತತ್ತ್ವ ಬೀಜರೂಪದಲ್ಲಿತ್ತು: ತೆಗೆದುಹಾಕಿದ ಭಾಗ ಕೇಳುವವರ ನೆನಪಿನಲ್ಲಿ ಉಳಿದಿರುವುದರಿಂದ, ತೆರವಾದ ಜಾಗ ನಿಜವಾಗಿ ಬರಿದಾಗುವುದಿಲ್ಲ.

ಇದರ ಬೆನ್ನಿಗೇ ಕಿರುತಟ್ಟೆಗಳ ಒಂದು ಬದಿಯಲ್ಲಿ ಹಾಡು, ಹಿಂಬದಿಯಲ್ಲಿ ಅದೇ ಹಾಡಿನ ಗಾಯನರಹಿತ ರೂಪ ಎಂಬ ರೂಢಿ ಬಂತು. ಈ ರೂಪವನ್ನು ‘ವರ್ಷನ್’ ಎಂದು ಕರೆದರು. ಹಿಂಬದಿಗೆಂದು ಮತ್ತೊಂದು ಹಾಡು ಮಾಡಿಸುವ ಖರ್ಚು ಉಳಿಯುತ್ತಿದ್ದುದರಿಂದ ನಿರ್ಮಾಪಕರಿಗೆ ಇದು ಲಾಭದ ದಾರಿ. ತಾಳದ ಮೇಲೆ ಪ್ರಾಸಬದ್ಧವಾಗಿ ಮಾತು ಹೆಣೆಯುವ ಡೀಜೇಗಳಿಗೆ ಇದು ತೆರೆದ ಅಂಗಳ. ಕಿಂಗ್ ಟಬ್ಬಿ ಅವರ ಸೌಂಡ್ ಸಿಸ್ಟಮ್‌ನಲ್ಲಿ ಹೆಸರು ಮಾಡಿದ್ದ ಡೀಜೇ ಯೂ-ರಾಯ್, ಟ್ರೆಷರ್ ಐಲ್‌ನ ಹಳೆಯ ಹಾಡುಗಳ ಮೇಲೆ ತಮ್ಮ ಮಾತನ್ನು ಹರಿಸಿದ ಮೂರು ತಟ್ಟೆಗಳು 1970ರಲ್ಲಿ ಜಮೈಕಾದ ಜನಪ್ರಿಯತೆಯ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೇ ಹಿಡಿದದ್ದು, ಒಂದೇ ವಾದ್ಯಮುದ್ರಿಕೆಗೆ ಎರಡನೆಯ ಜೀವ ಸಾಧ್ಯವೆಂಬುದನ್ನು ಎಲ್ಲರಿಗೂ ತೋರಿಸಿಕೊಟ್ಟಿತು.

ರೇಡಿಯೋ ರಿಪೇರಿಯಿಂದ ಧ್ವನಿಕಲೆಯವರೆಗೆ

ವರ್ಷನ್ ಎಂಬ ಉಳಿತಾಯದ ಉಪಾಯವನ್ನು ಕಲೆಯ ಎತ್ತರಕ್ಕೆ ಒಯ್ದವರಲ್ಲಿ ಮೊದಲು ಹೆಸರಿಸಬೇಕಾದವರು ಕಿಂಗ್ ಟಬ್ಬಿ. ಆಸ್‌ಬೋರ್ನ್ ರಡಕ್ ಎಂಬ ಮೂಲಹೆಸರಿನ, 1941ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಇವರು ಗಾಯಕರೂ ಅಲ್ಲ, ವಾದಕರೂ ಅಲ್ಲ. ರೇಡಿಯೋ ರಿಪೇರಿ ಮಾಡುತ್ತ, ಟ್ರಾನ್ಸ್‌ಫಾರ್ಮರ್ ಸುತ್ತುತ್ತ, ಆಂಪ್ಲಿಫೈಯರ್ ಕಟ್ಟಿಕೊಡುತ್ತ ಬದುಕು ನಡೆಸಿದ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಡ್ಯೂಕ್ ರೀಡ್ ಅವರಲ್ಲಿ ತಟ್ಟೆ ಕೊರೆಯುವ ಕೆಲಸ ಮಾಡಿದಾಗ ಗಾಯನದ ಟ್ರ್ಯಾಕನ್ನು ಇಳಿಸಿ ಏರಿಸುವುದರ ಪರಿಣಾಮವನ್ನು ಹತ್ತಿರದಿಂದ ಕಂಡ ಅವರು, ವಾಟರ್‌ಹೌಸ್ ಬಡಾವಣೆಯ ಡ್ರೊಮಿಲಿ ಅವೆನ್ಯೂದ 18ನೇ ಸಂಖ್ಯೆಯ ಮನೆಯಲ್ಲಿ ಸಣ್ಣ ಸ್ಟುಡಿಯೋ ಹೂಡಿ, ಡೈನಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೋ ಹೊರಹಾಕಿದ್ದ ನಾಲ್ಕು ಟ್ರ್ಯಾಕ್‌ಗಳ ಮಿಕ್ಸಿಂಗ್ ಬೋರ್ಡನ್ನು 1970ರ ದಶಕದ ಆರಂಭದಲ್ಲಿ ಕೊಂಡು ತಂದರು.

ಆ ಮನೆಯಲ್ಲಿ ವಾದ್ಯವೃಂದ ಕೂರುವಷ್ಟು ಜಾಗವಿರಲಿಲ್ಲ. ಗಾಯಕರು ನಿಂತು ಹಾಡುತ್ತಿದ್ದ ಕಿರುಕೋಣೆ ಮೊದಲು ಬಚ್ಚಲುಮನೆಯಾಗಿತ್ತು. ವಾದ್ಯಭಾಗಗಳನ್ನು ಊರಿನ ದೊಡ್ಡ ಸ್ಟುಡಿಯೋಗಳಲ್ಲಿ ಮುದ್ರಿಸಿ, ಬನ್ನಿ ಲೀ ಮೊದಲಾದ ನಿರ್ಮಾಪಕರು ಟೇಪುಗಳನ್ನು ಹೊತ್ತು ತರುತ್ತಿದ್ದರು. ಟಬ್ಬಿ ಅವುಗಳ ಮೇಲೆ ದನಿ ಸೇರಿಸುವ, ಮಿಶ್ರಣ ಮಾಡುವ ಕೆಲಸವನ್ನಷ್ಟೇ ಮಾಡುತ್ತಿದ್ದರು. ಜಾಗದ ಈ ಕೊರತೆಯೇ ಡಬ್‌ನ ಸ್ವರೂಪವನ್ನು ನಿರ್ಧರಿಸಿತೆನ್ನಬೇಕು. ಹೊಸದಾಗಿ ನುಡಿಸಲು ಯಾರೂ ಇಲ್ಲದ ಕೋಣೆಯಲ್ಲಿ, ನುಡಿಸಿ ಆಗಿಹೋದದ್ದನ್ನು ಮತ್ತೆ ವಿಂಗಡಿಸುವ ಕೌಶಲವೊಂದೇ ಸೃಷ್ಟಿಗೆ ಉಳಿದಿದ್ದ ದಾರಿ.

ಕೈಚಳಕದ ಒಳಗುಟ್ಟು

ಆ ಕೌಶಲವನ್ನು ಅರಿಯಲು ಮೊದಲು ‘ರಿಡಿಮ್’ ಎಂಬ ಪರಿಕಲ್ಪನೆ ತಿಳಿದಿರಬೇಕು. ಲಯ ಎಂಬರ್ಥದ ಇಂಗ್ಲಿಷ್ ಪದದ ಜಮೈಕನ್ ಉಚ್ಚಾರಣೆಯಾದ ಇದು, ಹಾಡೊಂದರ ಡ್ರಮ್ಸ್ ಮತ್ತು ಬೇಸ್‌ಗಳ ವಿನ್ಯಾಸವನ್ನು ಸೂಚಿಸುತ್ತದೆ. ರೆಗ್ಗೇಯ ‘ಒನ್ ಡ್ರಾಪ್’ ಎಂಬ ನಡೆಯಲ್ಲಿ ನಾಲ್ಕು ಎಣಿಕೆಯ ಆವರ್ತದ ಮೊದಲ ಎಣಿಕೆ, ಅಂದರೆ ಭಾರತೀಯ ಸಂಗೀತದಲ್ಲಿ ‘ಸಮ’ ಎಂದು ಒತ್ತು ಪಡೆಯುವ ಜಾಗ, ಡ್ರಮ್‌ನ ಹೊಡೆತವಿಲ್ಲದೆ ಖಾಲಿಯಾಗಿರುತ್ತದೆ. ಭಾರ ಬೀಳುವುದು ಮೂರನೆಯ ಎಣಿಕೆಯ ಮೇಲೆ. ಗಿಟಾರ್ ಮತ್ತು ಕೀಬೋರ್ಡುಗಳು ಎಣಿಕೆಗಳ ನಡುವಿನ ಸಂದಿನಲ್ಲಿ ಚುಟುಕಾಗಿ ಮಿಡಿಯುತ್ತವೆ. ಮಂದ್ರ ಸ್ಥಾಯಿಯ ಬೇಸ್ ಗಿಟಾರ್ ಹಿನ್ನೆಲೆಗೆ ಸರಿಯದೆ, ಹಾಡಿನ ರಾಗಭಾವವನ್ನೇ ಹೊತ್ತು ನಡೆಯುತ್ತದೆ. ಇಂಥ ಸಂಗೀತದಲ್ಲಿ ತೆರಪು ಮೊದಲೇ ಇರುವುದರಿಂದ, ಮೇಲಿನ ಪದರಗಳನ್ನು ಸರಿಸಿದರೂ ಕಟ್ಟಡ ಕುಸಿಯುವುದಿಲ್ಲ.

ನಾಲ್ಕು ಟ್ರ್ಯಾಕ್‌ಗಳ ಟೇಪಿನಲ್ಲಿ ಸಾಮಾನ್ಯವಾಗಿ ಡ್ರಮ್ಸ್‌ಗೆ ಒಂದು, ಬೇಸ್‌ಗೆ ಒಂದು, ಗಿಟಾರ್ ಮತ್ತು ಕೀಬೋರ್ಡುಗಳಿಗೆ ಒಂದು, ಗಾಯನ ಅಥವಾ ಊದುವಾದ್ಯಗಳಿಗೆ ಒಂದು ಎಂದು ಹಂಚಿಕೆ ಇರುತ್ತಿತ್ತು. ಪ್ರತಿ ಟ್ರ್ಯಾಕಿಗೂ ಬೋರ್ಡಿನ ಮೇಲೆ ‘ಫೇಡರ್’ ಎಂಬ ಜಾರುವ ಹಿಡಿಯೊಂದು ಇರುತ್ತದೆ. ಅದನ್ನು ಕೆಳಗೆಳೆದರೆ ಆ ಟ್ರ್ಯಾಕ್ ಮೌನವಾಗುತ್ತದೆ, ಮೇಲೆ ತಳ್ಳಿದರೆ ಮರಳಿ ಬರುತ್ತದೆ. ಡಬ್‌ನ ಮೊದಲ ತಂತ್ರ ಇದೇ. ಗಾಯಕ ಒಂದು ಸಾಲನ್ನು ಆರಂಭಿಸಿದೊಡನೆ ದನಿಯನ್ನು ಕಡಿದು, ಗಿಟಾರನ್ನು ಎರಡು ಮಿಡಿತಕ್ಕೆ ಒಳಬಿಟ್ಟು ಹೊರಗಟ್ಟಿ, ಬೇಸನ್ನು ಹಠಾತ್ತನೆ ನಿಲ್ಲಿಸಿ ಕೇಳುವವರ ಕಾಲ ಕೆಳಗಿನ ನೆಲವನ್ನೇ ಸರಿಸಿದಂತೆ ಮಾಡಿ, ಮತ್ತೆ ಅದನ್ನು ಪೂರ್ಣ ಭಾರದೊಂದಿಗೆ ಮರಳಿಸುವ ಈ ಆಟವೇ ಕೃತಿಗೆ ನಾಟಕೀಯತೆಯನ್ನು ಕೊಡುತ್ತದೆ. ಇದೆಲ್ಲ ಟೇಪು ಓಡುತ್ತಿರುವಾಗಲೇ, ಒಂದೇ ಓಟದಲ್ಲಿ, ಕಿವಿಯ ಅಂದಾಜಿನಿಂದ ನಡೆಯುತ್ತಿತ್ತು. ಆದ್ದರಿಂದ ಒಂದೇ ಹಾಡಿನ ಎರಡು ಡಬ್‌ಗಳು ಎಂದೂ ಒಂದೇ ಆಗಿರುತ್ತಿರಲಿಲ್ಲ. ಮುದ್ರಿತ ಸಂಗೀತಕ್ಕೆ ಮನೋಧರ್ಮದ ಗುಣ ಬಂದದ್ದು ಹೀಗೆ.

ಎರಡನೆಯ ತಂತ್ರ ಪ್ರತಿಧ್ವನಿ. ಟೇಪ್ ಯಂತ್ರದಲ್ಲಿ ಧ್ವನಿಯನ್ನು ಬರೆಯುವ ಮುಖವೂ ಓದುವ ಮುಖವೂ ಬೇರೆಬೇರೆ ಜಾಗಗಳಲ್ಲಿರುತ್ತವೆ. ಬರೆದ ದನಿ ಓದುವ ಮುಖವನ್ನು ತಲುಪಲು ಕೊಂಚ ಕಾಲ ಹಿಡಿಯುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡುವ ಟೇಪಿನಲ್ಲಿ ಎರಡು ಮುಖಗಳ ನಡುವೆ 5 ಸೆಂಟಿಮೀಟರ್ ಅಂತರವಿದ್ದರೆ ಮೂಲದನಿಗೂ ಅದರ ಮಾರ್ದನಿಗೂ ನಡುವೆ ಸುಮಾರು ಕಾಲು ಸೆಕೆಂಡಿನ ಬಿಡುವು ದೊರೆಯುತ್ತದೆ. ಹೊರಬಂದ ಮಾರ್ದನಿಯನ್ನು ಮತ್ತೆ ಬರೆಯುವ ಮುಖಕ್ಕೇ ಉಣಿಸಿದರೆ ಅದು ಎರಡನೆಯ, ಮೂರನೆಯ, ನಾಲ್ಕನೆಯ ಮಾರ್ದನಿಗಳನ್ನು ಹುಟ್ಟಿಸುತ್ತ, ಪ್ರತಿ ಸುತ್ತಿನಲ್ಲೂ ತುಸು ಮಸುಕಾಗುತ್ತ ದೂರ ಸರಿಯುತ್ತದೆ. ಉಣಿಸುವ ಪ್ರಮಾಣ ಮಿತಿಮೀರಿದರೆ ಮಾರ್ದನಿಗಳು ಒಂದರ ಮೇಲೊಂದು ಪೇರಿಕೊಂಡು ಭೋರ್ಗರೆಯುತ್ತವೆ. ನುರಿತ ಎಂಜಿನಿಯರು ಇಡೀ ಹಾಡನ್ನು ಪ್ರತಿಧ್ವನಿಗೆ ಒಡ್ಡುವುದಿಲ್ಲ. ಒಂದು ಪದದ ಕೊನೆಯ ಅಕ್ಷರವನ್ನೋ ಡ್ರಮ್ಮಿನ ಒಂದು ಪೆಟ್ಟನ್ನೋ ಆಯ್ದು ಕಳಿಸಿ, ಆ ಮಾರ್ದನಿಗಳು ತಾಳದ ಸಂದುಗಳಲ್ಲಿ ಬಂದು ಕೂರುವಂತೆ ಹೊಂದಿಸುತ್ತಾನೆ.

ಮೂರನೆಯದು ಅನುರಣನ, ಅಂದರೆ ಗುಹೆಯಲ್ಲೋ ದೊಡ್ಡ ಮಂಟಪದಲ್ಲೋ ದನಿ ಗೋಡೆಗೋಡೆಗೆ ತಾಗಿ ತಡವಾಗಿ ಆರುವ ಗುಣ. ಪುಟ್ಟ ಕೋಣೆಯಲ್ಲಿ ಇದನ್ನು ಹುಟ್ಟಿಸಲು, ಸುರುಳಿ ಸ್ಪ್ರಿಂಗಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಧ್ವನಿಯ ಕಂಪನವನ್ನು ಹಾಯಿಸುವ ಪೆಟ್ಟಿಗೆಯನ್ನು ಬಳಸುತ್ತಿದ್ದರು. ಆ ಪೆಟ್ಟಿಗೆಯನ್ನೇ ಗುದ್ದಿದರೆ ಒಳಗಿನ ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಗುಡುಗಿನಂಥ ಸದ್ದು ಹೊಮ್ಮುತ್ತದೆ; ಅನೇಕ ಡಬ್‌ಗಳ ನಡುವೆ ಕೇಳಿಬರುವ ಸಿಡಿಲಿನ ಮೂಲ ಅದೇ. ನಾಲ್ಕನೆಯದು ಶೋಧಕ: ಟಬ್ಬಿ ಅವರ ಬೋರ್ಡಿನಲ್ಲಿದ್ದ ದೊಡ್ಡ ಗುಬಟೊಂದನ್ನು ಹಂತಹಂತವಾಗಿ ತಿರುಗಿಸಿದರೆ ದನಿಯ ತಗ್ಗಿನ ಕಂಪನಾಂಕಗಳು ಒಂದೊಂದಾಗಿ ಸೋಸಿಹೋಗಿ, ಕೊನೆಗೆ ತಾಳದ ತಟ್ಟೆಗಳ ಸುಯ್ಯೆನ್ನುವ ಸದ್ದಷ್ಟೇ ಉಳಿಯುತ್ತಿತ್ತು. ಅವರ ಕೈಬೆರಳಿನ ಗುರುತಾದ ಈ ಸದ್ದನ್ನು ಬಲ್ಲವರು ಮೊದಲ ಕೆಲವು ಕ್ಷಣಗಳಲ್ಲೇ ಪತ್ತೆಹಚ್ಚುತ್ತಾರೆ.

ಒಂದು ಸಾಮಗ್ರಿ, ಹಲವು ಕೈಬರಹ

ತಂತ್ರಗಳು ಸಮಾನವಾದರೂ ಪ್ರತಿಯೊಬ್ಬ ಎಂಜಿನಿಯರನ ಕೈಬರಹ ಬೇರೆ. ರ‍್ಯಾಂಡೀಸ್ ಸ್ಟುಡಿಯೋದಲ್ಲಿ, ಆಮೇಲೆ ಜೋ ಗಿಬ್ಸ್ ಅವರ ಸ್ಟುಡಿಯೋದಲ್ಲಿ ದುಡಿದ ಎರಲ್ ಥಾಂಪ್ಸನ್ ಡಬ್‌ನ ಆರಂಭಕಾಲದ ಮುಖ್ಯ ಪ್ರಯೋಗಶೀಲರಲ್ಲಿ ಒಬ್ಬರು. ಪೂರ್ಣ ಪ್ರಮಾಣದ ಮೊದಲ ಡಬ್ ಆಲ್ಬಂ ಯಾವುದೆಂಬ ಬಗ್ಗೆ ಸಂಗೀತ ಚರಿತ್ರಕಾರರಲ್ಲಿ ಒಮ್ಮತವಿಲ್ಲದಿದ್ದರೂ, ಥಾಂಪ್ಸನ್ ಕೈಯಾಡಿಸಿದ ‘ಜಾವಾ ಜಾವಾ ಜಾವಾ ಜಾವಾ’, ಹರ್ಮನ್ ಚಿನ್-ಲಾಯ್ ಅವರ ‘ಅಕ್ವೇರಿಯಸ್ ಡಬ್’, ಲೀ ಪೆರಿ ಅವರ ‘ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್’ ಮೂರೂ 1973ರ ಸುಮಾರಿನವು. ಮೆಲೋಡಿಕಾ ಎಂಬ, ಊದಿ ನುಡಿಸುವ ಪುಟ್ಟ ಕೀಲಿಮಣೆ ವಾದ್ಯಕ್ಕೆ ಗಾಂಭೀರ್ಯ ತಂದುಕೊಟ್ಟ ಅಗಸ್ಟಸ್ ಪಾಬ್ಲೊ, ಜೇಕಬ್ ಮಿಲ್ಲರ್ ಅವರಿಂದ ಹಾಡಿಸಿದ ‘ಬೇಬಿ ಐ ಲವ್ ಯು ಸೋ’ ಎಂಬ ಸರಳ ಪ್ರೇಮಗೀತೆಯನ್ನು ಟಬ್ಬಿ ಅವರ ಕೈಗೆ ಒಪ್ಪಿಸಿದಾಗ, ಅದು ‘ಕಿಂಗ್ ಟಬ್ಬಿ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಎಂಬ ಬೇರೊಂದೇ ಕೃತಿಯಾಗಿ ಹೊರಬಂತು. ಅದರಲ್ಲಿ ಗಾಯಕನ ದನಿ ಚೂರುಚೂರಾಗಿ ಮೂಡಿ ಕರಗುತ್ತದೆ. ಡ್ರಮ್ಮಿನ ಪೆಟ್ಟುಗಳು ತಮ್ಮದೇ ಮಾರ್ದನಿಗಳೊಂದಿಗೆ ಮಾತಿಗಿಳಿಯುತ್ತವೆ. ಮೂಲಗೀತೆಯ ಅಳಲು ಪದಗಳ ಹಂಗು ಕಳಚಿಕೊಂಡು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಡಬ್ ಚರಿತ್ರೆಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಇದಕ್ಕೆ ಇಂದಿಗೂ ಮೊದಲ ಪಂಕ್ತಿಯ ಸ್ಥಾನವಿದೆ.

ಟಬ್ಬಿ ಅವರದು ಕಳೆಯುವ ಶಿಸ್ತಾದರೆ, ಲೀ ‘ಸ್ಕ್ರ್ಯಾಚ್’ ಪೆರಿ ಅವರದು ಪೇರಿಸುವ ಧಾರಾಳತನ. 1973ರಲ್ಲಿ ತಮ್ಮ ಮನೆಯ ಹಿತ್ತಲಲ್ಲಿ ‘ಬ್ಲ್ಯಾಕ್ ಆರ್ಕ್’ ಎಂಬ ಸ್ಟುಡಿಯೋ ಕಟ್ಟಿಕೊಂಡ ಪೆರಿ, ನಾಲ್ಕು ಟ್ರ್ಯಾಕ್‌ಗಳ ಸಾಮಾನ್ಯ ಯಂತ್ರದಲ್ಲಿ ಒಂದು ಪದರವನ್ನು ಇನ್ನೊಂದರೊಳಕ್ಕೆ ಇಳಿಸುತ್ತ ಹೋದರು. ಪ್ರತಿ ಬಾರಿ ಇಳಿಸಿದಾಗಲೂ ಸ್ಪಷ್ಟತೆ ತುಸು ಕುಗ್ಗಿ ದನಿಗಳು ಒಂದರಲ್ಲೊಂದು ಬೆರೆಯುತ್ತಿದ್ದವು. ಆ ಮಸುಕನ್ನೇ ಅವರು ಬಣ್ಣವಾಗಿ ಬಳಸಿಕೊಂಡು, ಅದರ ಮೇಲೆ ಪ್ರಾಣಿಗಳ ಕೂಗು, ಮಗುವಿನ ಅಳುಗಳಂಥ ಸದ್ದುಗಳನ್ನು ಹೆಣೆದರು. 1976ರ ‘ಸೂಪರ್ ಏಪ್’ ಆಲ್ಬಂ ಈ ಬಗೆಯ ನೇಯ್ಗೆಯ ಉತ್ತಮ ಮಾದರಿ. ಟಬ್ಬಿ ಅವರ ಗರಡಿಯಲ್ಲಿ ಪಳಗಿದ ಪ್ರಿನ್ಸ್ ಜಾಮಿ ಮತ್ತು ‘ಸೈಂಟಿಸ್ಟ್’ ಎಂಬ ಹೆಸರಿನ ಹೋಪ್‌ಟನ್ ಬ್ರೌನ್ ಈ ವಿದ್ಯೆಯನ್ನು ಮುಂದಿನ ದಶಕಕ್ಕೆ ಒಯ್ದರು. ಅದೇ ಜಾಮಿ 1985ರಲ್ಲಿ ಕ್ಯಾಸಿಯೋ ಕಂಪನಿಯ ಪುಟ್ಟ ಕೀಬೋರ್ಡೊಂದರ ಸಿದ್ಧ ತಾಳದ ಮೇಲೆ ಕಟ್ಟಿದ ‘ಸ್ಲೆಂಗ್ ಟೆಂಗ್’ ರಿಡಿಮ್ ಜಮೈಕಾದ ಸಂಗೀತವನ್ನು ಡಿಜಿಟಲ್ ಯುಗಕ್ಕೆ ತಿರುಗಿಸಿತು. ಡಬ್‌ನ ಪ್ರಶಸ್ತ ಕಾಲ ಅಲ್ಲಿಗೆ ಇಳಿಮುಖವಾಯಿತು. ಹೊಸ ಯುಗಕ್ಕೂ ಸಜ್ಜಾಗುತ್ತಿದ್ದ ಟಬ್ಬಿ ಅವರನ್ನು 1989ರ ಫೆಬ್ರವರಿ 6ರಂದು ಅವರ ಮನೆಯ ಹೊರಗೇ ಗುಂಡಿಟ್ಟು ಕೊಲ್ಲಲಾಯಿತು. ಎರಡು ದಶಕಗಳ ಕಾಲ ಮೌನದ ಬೆಲೆಯನ್ನು ಕಲಿಸಿದ ಕಲಾವಿದ 48ರ ವಯಸ್ಸಿಗೇ ಮೌನವಾದದ್ದು ಸಂಗೀತಲೋಕ ಇನ್ನೂ ಮರೆಯದ ನಷ್ಟ.

ಕೃತಿ ಯಾರದ್ದು?

ಹಾಡು ಬರೆದವರು, ಹಾಡಿದವರು, ನುಡಿಸಿದವರು, ಹಣ ಹೂಡಿದವರು, ಕೊನೆಗೆ ಅದನ್ನು ಬಿಡಿಸಿ ಮತ್ತೆ ಕಟ್ಟಿದ ಎಂಜಿನಿಯರು, ಇವರಲ್ಲಿ ಡಬ್‌ನ ಕರ್ತೃ ಯಾರೆಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ತಟ್ಟೆಯ ಹಿಂಬದಿಯಲ್ಲಿ ತಂತ್ರಜ್ಞನ ಹೆಸರೇ ಮುಂದಾಗಿ ಅಚ್ಚಾಗತೊಡಗಿದ್ದು ಧ್ವನಿಮುದ್ರಣದ ಚರಿತ್ರೆಯಲ್ಲಿ ದೊಡ್ಡ ಪಲ್ಲಟ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಸ್ಟುಡಿಯೋ ವಾದಕರು ಸಾಮಾನ್ಯವಾಗಿ ಹಾಡೊಂದಕ್ಕೆ ಇಷ್ಟೆಂದು ಒಮ್ಮೆ ಕೂಲಿ ಪಡೆದು ಹೋಗುತ್ತಿದ್ದರು. ಅವರು ನುಡಿಸಿದ ರಿಡಿಮ್ ಆಮೇಲೆ ಹತ್ತಾರು ಹಾಡುಗಳಿಗೂ ಡಬ್‌ಗಳಿಗೂ ತಳಹದಿಯಾದರೂ ಅದರ ಗಳಿಕೆ ಅವರ ಮನೆ ಸೇರುತ್ತಿರಲಿಲ್ಲ. ಜಮೈಕಾಕ್ಕೆ ತನ್ನದೇ ಆದ ಆಧುನಿಕ ಕೃತಿಸ್ವಾಮ್ಯ ಕಾಯ್ದೆ ಬಂದದ್ದು 1993ರಲ್ಲಿ. ಅಲ್ಲಿಯವರೆಗೆ ವಸಾಹತು ಕಾಲದ, 1911ರ ಬ್ರಿಟಿಷ್ ಕಾಯ್ದೆಯೇ ಅಲ್ಲಿ ಜಾರಿಯಲ್ಲಿತ್ತು. ಜಗತ್ತಿಗೆ ಹೊಸ ಕೇಳ್ಮೆಯನ್ನು ಕಲಿಸಿದ ಕೈಗಳಲ್ಲಿ ಬಹುಪಾಲು ಬಡತನದಲ್ಲೇ ಉಳಿದವೆಂಬ ಸತ್ಯವನ್ನು ಡಬ್‌ನ ಗುಣಗಾನ ಮಾಡುವ ಯಾರೂ ಮರೆಮಾಚಬಾರದು.

ಆ ಕೇಳ್ಮೆ ಮಾತ್ರ ದ್ವೀಪದ ಎಲ್ಲೆ ದಾಟಿ ಬಹುದೂರ ಹಬ್ಬಿದೆ. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಹೋದ ಡಿಜೆ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ನಡೆಸಿದ ಕೂಟವನ್ನು ಹಿಪ್-ಹಾಪ್‌ನ ಆರಂಭವೆಂದು ಗುರುತಿಸುತ್ತಾರೆ. ದೊಡ್ಡ ಸ್ಪೀಕರುಗಳ ಮುಂದೆ, ತಟ್ಟೆಯ ವಾದ್ಯಭಾಗದ ಮೇಲೆ ಮಾತು ಹೆಣೆಯುವ ಜಮೈಕನ್ ಪರಂಪರೆಯ ನೆರಳು ಅದರ ಮೇಲೆ ಸ್ಪಷ್ಟವಾಗಿದೆ. ಲಂಡನ್ನಿನಲ್ಲಿ ಜಾ ಶಾಕಾ ಸೌಂಡ್ ಸಿಸ್ಟಮ್ ಸಂಪ್ರದಾಯವನ್ನು ದಶಕಗಳ ಕಾಲ ಕಾಪಾಡಿದರು. ಗಯಾನಾ ಮೂಲದ ಮ್ಯಾಡ್ ಪ್ರೊಫೆಸರ್, ಮ್ಯಾಸಿವ್ ಅಟ್ಯಾಕ್ ತಂಡದ ಆಲ್ಬಂ ಒಂದನ್ನು 1995ರಲ್ಲಿ ‘ನೋ ಪ್ರೊಟೆಕ್ಷನ್’ ಎಂಬ ಡಬ್ ಆಗಿ ಮಾರ್ಪಡಿಸಿದರು. ದಕ್ಷಿಣ ಏಷ್ಯಾ ಮೂಲದ ಯುವಕರು 1993ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ‘ಏಷ್ಯನ್ ಡಬ್ ಫೌಂಡೇಶನ್’ ತನ್ನ ಹೆಸರಿನಲ್ಲೇ ಈ ಋಣವನ್ನು ಒಪ್ಪಿಕೊಂಡಿತು. ಬರ್ಲಿನ್ನಿನ ‘ಬೇಸಿಕ್ ಚಾನೆಲ್’ ಜೋಡಿ ಟೆಕ್ನೋ ಸಂಗೀತಕ್ಕೆ ಡಬ್‌ನ ಆಳವನ್ನು ಕೂಡಿಸಿತು. 2000ದ ನಂತರ ದಕ್ಷಿಣ ಲಂಡನ್ನಿನಲ್ಲಿ ಬೆಳೆದ ‘ಡಬ್‌ಸ್ಟೆಪ್’ ಹೆಸರನ್ನೂ ಬೇಸ್‌ನ ಮೇಲಿನ ಮೋಹವನ್ನೂ ಅಲ್ಲಿಂದಲೇ ಪಡೆಯಿತು. ಇವು ಡಬ್‌ನ ಸಂತತಿ. ಆದರೆ ಮೊದಲೇ ಇದ್ದ ಒಂದು ಹಾಡನ್ನು ಬಿಡಿಸಿ ಮರಳಿ ಕಟ್ಟುವ ಕ್ರಮ ಎಲ್ಲಿಲ್ಲವೋ ಅಲ್ಲಿ ಡಬ್‌ನ ಛಾಯೆ ಇರಬಹುದಲ್ಲದೆ ಮೂಲಾರ್ಥದ ಡಬ್ ಇರುವುದಿಲ್ಲ. ಜಮೈಕಾದ ರೆಗ್ಗೇ ಸಂಗೀತವನ್ನು ಯುನೆಸ್ಕೋ 2018ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಗೌರವದಲ್ಲಿ ಹಾಡುಗಾರರಷ್ಟೇ ಪಾಲು ಮಿಕ್ಸಿಂಗ್ ಬೋರ್ಡಿನ ಹಿಂದೆ ಕುಳಿತವರಿಗೂ ಸಲ್ಲಬೇಕು.

ಇಂದು ಮೊಬೈಲ್ ಫೋನಿನಲ್ಲೇ ಹಾಡೊಂದರ ದನಿಯನ್ನೂ ವಾದ್ಯಗಳನ್ನೂ ಬೇರ್ಪಡಿಸುವುದು ಸಾಧ್ಯವಾಗಿರುವಾಗ, ಕರೋಕೆ ಟ್ರ್ಯಾಕುಗಳಿಗೆ ಹಾಡುವುದು ಊರೂರಿನ ಹವ್ಯಾಸವಾಗಿರುವಾಗ, ಗಾಯನ ತೆಗೆದ ಹಾಡು ಯಾರಿಗೂ ಹೊಸದಲ್ಲ. ಕರೋಕೆ ತೆರವು ಮಾಡಿದ ಜಾಗವನ್ನು ಮತ್ತೊಬ್ಬರ ದನಿ ಬಂದು ತುಂಬಲೆಂದು ಕಾಯುತ್ತದೆ. ಡಬ್ ಆ ಜಾಗವನ್ನು ಹಾಗೆಯೇ ತೆರೆದಿಟ್ಟು, ಅಲ್ಲಿ ಏನಿತ್ತೆಂಬ ನೆನಪನ್ನು ಕೇಳಿಸುತ್ತದೆ. ಈ ಭೇದವನ್ನು ಓದಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಮೇಲು. ಆಸಕ್ತರು ಮೊದಲು ‘ಬೇಬಿ ಐ ಲವ್ ಯು ಸೋ’ ಹಾಡನ್ನು ಅದರ ಸಾಲುಗಳು ಮನಸ್ಸಿನಲ್ಲಿ ನಿಲ್ಲುವಷ್ಟು ಸಲ ಕೇಳಿ, ಬಳಿಕ ಟಬ್ಬಿ ಅವರು ಮಾಡಿದ ಅದರ ಡಬ್ ರೂಪವನ್ನು, ಮಂದ್ರದ ನಾದ ಕಳೆದುಹೋಗದಂಥ ಒಳ್ಳೆಯ ಸ್ಪೀಕರಿನಲ್ಲಿ, ಬೇರೆ ಕೆಲಸ ಬದಿಗಿಟ್ಟು ಕೇಳಬೇಕು. ಗಾಯಕನ ದನಿ ಕಡಿದುಹೋದ ಜಾಗದಲ್ಲಿ ಮುಂದಿನ ಪದವನ್ನು ತಮ್ಮ ಮನಸ್ಸೇ ಹಾಡಿಕೊಳ್ಳುತ್ತಿರುವುದು ಅರಿವಿಗೆ ಬಂದ ಕ್ಷಣದಲ್ಲಿ, ಡಬ್ ಎಂದರೇನೆಂಬುದು ಅವರಿಗೆ ಪೂರ್ತಿ ತಿಳಿದಿರುತ್ತದೆ.